ಕಪ್ಪು ಗಾಜಿನ ಲೆಕ್ಕ

ಹೊಗೆಸೊಪ್ಪಿನ ಹರಾಜು ಮುಗಿದು ದುಡ್ಡು ಖಾತೆಗೆ ಬಿದ್ದ ಮೇಲೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಸ ಕಾರುಗಳು ಕಾಣಿಸಿಕೊಳ್ಳುತ್ತವೆ. ನಮ್ಮ ಸಾಲಿಗ್ರಾಮ, ಕೆ.ಆರ್. ನಗರದ ಕಡೆ ಅದು ಭತ್ತದ ಹಣ ಬರುವ ಕಾಲ. ಮೈಸೂರಿನ ಷೋರೂಮಿನಿಂದ ಹೊರಟ ಕಾರು ಮೊದಲು ದೇವಸ್ಥಾನದ ಮುಂದೆ ನಿಂತು ನಾಲ್ಕು ನಿಂಬೆಹಣ್ಣು ತುಳಿಯುತ್ತದೆ. ಆಮೇಲೆ ಸೀಟ್ ಕವರ್, ಮ್ಯಾಟ್, ಹಾರ್ನ್ ಮಾರುವ ಅಂಗಡಿಯ ಮುಂದೆ ನಿಲ್ಲುತ್ತದೆ. ಅಲ್ಲಿನ ಹುಡುಗ ಎಲ್ಲರನ್ನೂ ಕೇಳುವ ಮಾತು ಒಂದೇ: ‘ಕೂಲಿಂಗ್ ಪೇಪರ್ ಹಾಕ್ಬುಡ್ಲಾ ಸಾ?’

ಇದಕ್ಕೆ ಸಿಗುವ ಉತ್ತರಗಳಲ್ಲಿ ಎರಡು ಪಂಥಗಳಿವೆ. ‘ಯಾವ ಪೇಪರೂ ಹಾಕಂಗಿಲ್ಲ ಕಣಪ್ಪ, ಸುಪ್ರೀಂ ಕೋರ್ಟೇ ಹೇಳೈತೆ’ ಎನ್ನುವವರದು ಒಂದು. ‘ಐವತ್ತು ಪರ್ಸೆಂಟ್ ಇದ್ರೆ ಏನೂ ಮಾಡಲ್ಲ, ರೂಲ್ಸ್ ಐತೆ’ ಎನ್ನುವವರದು ಇನ್ನೊಂದು. ತಮಾಷೆಯೆಂದರೆ ಇಬ್ಬರೂ ಹೇಳುತ್ತಿರುವುದರಲ್ಲಿ ಅರ್ಧ ಸತ್ಯವಿದೆ. ಒಬ್ಬರು 2012ರಲ್ಲಿ ನಿಂತು ಮಾತಾಡುತ್ತಿದ್ದಾರೆ, ಇನ್ನೊಬ್ಬರು 1989ರಲ್ಲಿ. ಇಬ್ಬರ ಕಿವಿಗೂ ಬೀಳದ ಮೂರನೆಯ ಕಥೆಯೊಂದು 2021ರಲ್ಲಿ ಶುರುವಾಗಿ, 2024ರಲ್ಲಿ ನಮ್ಮ ಎಚ್.ಡಿ. ಕೋಟೆಯ ಗಡಿಯಾಚೆ ಹೊಸ ತಿರುವು ಪಡೆದಿದೆ.

ಮೊದಲು ನಿಯಮದ ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳು ಬಂದದ್ದು 1989ರಲ್ಲಿ. ಅದರ 100ನೇ ನಿಯಮ ಕಾರಿನ ಗಾಜಿನದು. ವಾಹನದ ಗಾಜುಗಳು ಸುರಕ್ಷಾ ಗಾಜೇ ಆಗಿರಬೇಕು. ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70ರಷ್ಟು ಬೆಳಕು ಹಾಯಬೇಕು. ಅಕ್ಕಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ 50. ಗಾಜು ಹಾಗೆ ಇದ್ದರೆ ಮಾತ್ರ ಸಾಲದು, ಮುಂದೆಯೂ ಅದನ್ನು ಅದೇ ಸ್ಥಿತಿಯಲ್ಲಿ ಇಟ್ಟುಕೊಂಡಿರಬೇಕು ಎಂದೂ ನಿಯಮ ಹೇಳುತ್ತದೆ. ಈ ‘ಇಟ್ಟುಕೊಂಡಿರಬೇಕು’ ಎಂಬ ಮಾತು ಮುಂದೆ ಕೇರಳದಲ್ಲಿ ಉಪಯೋಗಕ್ಕೆ ಬಂತು, ಅದಕ್ಕೆ ಆಮೇಲೆ ಬರೋಣ.

ನಿಯಮದಲ್ಲಿ ಫಿಲ್ಮ್, ಅಂದರೆ ನಮ್ಮ ಕೂಲಿಂಗ್ ಪೇಪರ್, ಎಂಬ ಮಾತೇ ಇರಲಿಲ್ಲ. ವ್ಯಾಪಾರ ಬೆಳೆದದ್ದು ಈ ಸಂದಿಯಲ್ಲಿ. ‘ಇದು ಐವತ್ತರ ಫಿಲ್ಮ್, ಕಾನೂನಿಗೆ ಸರಿಯಾಗಿದೆ’ ಎಂದು ಅಂಗಡಿಯವರು ಮಾರಿದರು, ಕೊಂಡವರು ಪೊಲೀಸರ ಮುಂದೆ ಅದನ್ನೇ ವಾದಿಸಿದರು. ಗಾಜಿನಲ್ಲಿ ಎಷ್ಟು ಬೆಳಕು ಹಾಯುತ್ತದೆಂದು ಅಳೆಯುವ ಪುಟ್ಟ ಯಂತ್ರವಿದೆ. ಗಾಜಿನ ಒಂದು ಬದಿಗೆ ದೀಪ, ಇನ್ನೊಂದು ಬದಿಗೆ ಬೆಳಕು ಹಿಡಿಯುವ ಕಣ್ಣು, ಮೇಲೆ ಅಂಕಿ ತೋರಿಸುವ ಪರದೆ, ಇಷ್ಟೇ. ಆದರೆ ರಸ್ತೆಯಲ್ಲಿ ನಿಂತ ಪೊಲೀಸರ ಕೈಯಲ್ಲಿ ಅದು ಇರುವುದು ಅಪರೂಪ. ಯಂತ್ರವಿಲ್ಲದ ಮೇಲೆ ವಾದ ಎಲ್ಲಿ ಮುಗಿಯುತ್ತದೆ ಎಂಬುದು ಕಾರಿನೊಳಗೆ ಕೂತವರು ಯಾರು ಎಂಬುದರ ಮೇಲೆ ನಿಂತಿತು.

2011ರಲ್ಲಿ ಕೋಲ್ಕತ್ತದ ಅವಿಷೇಕ್ ಗೋಯೆಂಕಾ ಎಂಬುವರು ನೇರವಾಗಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕಪ್ಪು ಗಾಜಿನ ಕಾರುಗಳು ಅಪರಾಧಕ್ಕೆ ಆಸರೆಯಾಗುತ್ತಿವೆ, ನಿಯಮವಿದ್ದೂ ಯಾರೂ ಜಾರಿ ಮಾಡುತ್ತಿಲ್ಲ ಎಂಬುದು ಅವರ ದೂರು. ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ, ನ್ಯಾಯಮೂರ್ತಿಗಳಾದ ಎ.ಕೆ. ಪಟ್ನಾಯಕ್ ಮತ್ತು ಸ್ವತಂತ್ರ ಕುಮಾರ್ ಅವರ ಪೀಠ 2012ರ ಏಪ್ರಿಲ್ 27ರಂದು ತೀರ್ಪು ಕೊಟ್ಟಿತು. ನಿಯಮ ಮಾತಾಡುವುದು ಗಾಜಿನ ಬಗ್ಗೆ. ಗಾಜು ತಯಾರಾಗುವಾಗಲೇ ಆ ಪ್ರಮಾಣದ ಬೆಳಕು ಬಿಡುವಂತಿರಬೇಕೇ ಹೊರತು, ಅದರ ಮೇಲೆ ಇನ್ನೊಂದು ಪದಾರ್ಥ ಅಂಟಿಸಿ ಲೆಕ್ಕ ಸರಿಮಾಡುವುದಕ್ಕೆ ನಿಯಮದಲ್ಲಿ ಜಾಗವಿಲ್ಲ. ಹಾಗಾಗಿ ಎಷ್ಟೇ ಪ್ರಮಾಣದ ಫಿಲ್ಮ್ ಆಗಲಿ, ಬೇರಾವ ಪದಾರ್ಥವಾಗಲಿ, ದೇಶದ ಯಾವ ವಾಹನದ ಗಾಜಿನ ಮೇಲೂ ಅಂಟಿಸುವಂತಿಲ್ಲ ಎಂದಿತು. ಮೇ 4ರಿಂದ ಇದು ಜಾರಿಗೆ ಬಂತು.

ಆ ಬೇಸಿಗೆಯಲ್ಲಿ ಊರೂರಿನ ವೃತ್ತಗಳಲ್ಲಿ ಕಾರುಗಳನ್ನು ಪಕ್ಕಕ್ಕೆ ಹಾಕಿಸಿ ಫಿಲ್ಮ್ ಹರಿಯುತ್ತಿದ್ದ ದೃಶ್ಯ ಹಲವರಿಗೆ ನೆನಪಿರಬಹುದು. ಮೂಲೆಯಲ್ಲಿ ಬ್ಲೇಡ್ ಇಟ್ಟು ಎಬ್ಬಿಸಿ ಸರ್ರೆಂದು ಎಳೆದರೆ ಅರ್ಧ ಬರುತ್ತಿತ್ತು, ಇನ್ನರ್ಧ ಅಂಟಿನ ಸಮೇತ ಗಾಜಿನಲ್ಲೇ ಉಳಿಯುತ್ತಿತ್ತು. ಆಗಿನ ದಂಡ 100 ರೂಪಾಯಿ. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನ ಪ್ರಕಾರ ಮೊದಲ ಸಲಕ್ಕೆ ನೂರು, ಮತ್ತೆ ಸಿಕ್ಕಿಬಿದ್ದರೆ ಮುನ್ನೂರು. ಸಾವಿರಗಟ್ಟಲೆ ಕೊಟ್ಟು ಹಾಕಿಸಿದ ಫಿಲ್ಮಿಗೆ ನೂರು ರೂಪಾಯಿ ದಂಡ ಯಾವ ಲೆಕ್ಕ? ಜನ ಹೆದರಿದ್ದು ರಸೀದಿಗಲ್ಲ, ಬ್ಲೇಡಿಗೆ.

ಫಿಲ್ಮ್ ತಯಾರಕರೂ ಮಾರಾಟಗಾರರೂ ಸುಮ್ಮನಿರಲಿಲ್ಲ. ತೀರ್ಪನ್ನು ಸಡಿಲಿಸಿ, ಶೇ 70 ಮತ್ತು 50ರ ಮಿತಿಯೊಳಗಿನ ಫಿಲ್ಮಿಗಾದರೂ ಅವಕಾಶ ಕೊಡಿ ಎಂದು ಮತ್ತೆ ಕೋರ್ಟಿಗೆ ಹೋದರು. 2012ರ ಆಗಸ್ಟ್ 3ರಂದು ಪೀಠ ಅದನ್ನು ತಳ್ಳಿಹಾಕಿತು. ಅಷ್ಟಕ್ಕೇ ಬಿಡದೆ ಎಲ್ಲ ರಾಜ್ಯಗಳ ಡಿಜಿಪಿಗಳಿಗೆ, ಪೊಲೀಸ್ ಕಮಿಷನರ್‌ಗಳಿಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು: ಇನ್ನು ಮುಂದೆ ಪಾಲನೆಯಾಗದಿದ್ದರೆ ಬೇರೆ ನೋಟಿಸ್ ಇಲ್ಲದೆಯೇ ನ್ಯಾಯಾಂಗ ನಿಂದನೆ ಕ್ರಮ. ಕಾರಿನ ಗಾಜಿಗೆ ಸಂಬಂಧಿಸಿ ರಾಜ್ಯದ ಪೊಲೀಸ್ ಮುಖ್ಯಸ್ಥರಿಗೇ ಇಂಥ ಮಾತು ಕೇಳಬೇಕಾಗಿ ಬಂದದ್ದು ಸಣ್ಣ ಸಂಗತಿಯಲ್ಲ.

ಕೋರ್ಟಿನ ಜಾಣತನ ಎಲ್ಲಿದೆ ಎಂದರೆ, ಅದು ಯಂತ್ರದ ಅಗತ್ಯವನ್ನೇ ತೆಗೆದುಹಾಕಿತು. ಎಷ್ಟು ಪ್ರಮಾಣ ಎಂದು ಅಳೆಯುವ ತಂಟೆಯೇ ಬೇಡ, ಅಂಟಿಸಿದೆಯೋ ಇಲ್ಲವೋ ಅಷ್ಟು ನೋಡಿದರೆ ಸಾಕು. ಉಗುರಿನಿಂದ ಗಾಜಿನ ಅಂಚು ಕೆರೆದು ನೋಡಿದರೂ ಗೊತ್ತಾಗುತ್ತದೆ. ಜಾರಿ ಸುಲಭವಾಯಿತು. ಎಲ್ಲರಿಗೂ ಒಂದೇ ರೀತಿ ಆಯಿತೇ ಎಂಬುದು ಬೇರೆ ಪ್ರಶ್ನೆ.

ಇಲ್ಲಿ ಸ್ವಲ್ಪ ನಿಂತು ‘ಐವತ್ತು ಪರ್ಸೆಂಟ್’ ಪಂಥದವರ ಲೆಕ್ಕ ನೋಡಬೇಕು. ಏಕೆಂದರೆ ಅವರ ವಾದವನ್ನು ಪೂರ್ತಿ ಒಪ್ಪಿಕೊಂಡರೂ ಅವರು ಸೋಲುತ್ತಾರೆ. ಇಂದಿನ ಕಾರುಗಳಿಗೆ ಕಾರ್ಖಾನೆಯಿಂದಲೇ ತಿಳಿಹಸಿರು ಛಾಯೆಯ ಗಾಜು ಬರುತ್ತದೆ. ಅದರ ಮೂಲಕ ಹಾಯುವ ಬೆಳಕು ಸಾಮಾನ್ಯವಾಗಿ ನೂರಕ್ಕೆ 75ರಿಂದ 80. ಇದರ ಮೇಲೆ ಐವತ್ತರ ಫಿಲ್ಮ್ ಅಂಟಿಸಿದರೆ ಉಳಿಯುವುದು ಐವತ್ತಲ್ಲ. ಎಂಬತ್ತರಲ್ಲಿ ಅರ್ಧ, ಅಂದರೆ ನಲವತ್ತು. ಗಾಜು ಎಪ್ಪತ್ತೈದರದಾದರೆ ಮೂವತ್ತೇಳೂವರೆ. ನಿಯಮ ಕೇಳುವುದು ಕೊನೆಗೆ ಕಣ್ಣಿಗೆ ಮುಟ್ಟುವ ಬೆಳಕನ್ನೇ ಹೊರತು ಫಿಲ್ಮಿನ ಪೊಟ್ಟಣದ ಮೇಲಿನ ಅಂಕಿಯನ್ನಲ್ಲ. ಪಕ್ಕದ ಗಾಜು ಐವತ್ತರಲ್ಲಿ ಉಳಿಯಬೇಕಾದರೆ ಎಂಬತ್ತರ ಗಾಜಿಗೆ ಕನಿಷ್ಠ 62.5ರ ಫಿಲ್ಮ್ ಬೇಕು, ಎಪ್ಪತ್ತೈದರ ಗಾಜಿಗೆ 67. ಹಿಂದಿನ ಗಾಜು ಎಪ್ಪತ್ತರಲ್ಲಿ ಉಳಿಯಬೇಕಾದರೆ 87.5ಕ್ಕಿಂತ ಕಡಿಮೆ ಇರಕೂಡದು, ಅಂದರೆ ಹೆಚ್ಚುಕಡಿಮೆ ಬಿಳಿಯ ಹಾಳೆ. ಗಾಜೇ ಎಪ್ಪತ್ತೈದರದಾದರೆ ತೊಂಬತ್ತಮೂರು ಮೀರಬೇಕು! ಅಂಥ ಫಿಲ್ಮ್ ಹಾಕಿಸಿಕೊಂಡವರ ಕಾರು ನೋಡಿ ‘ಏನ್ ಗತ್ತು’ ಎಂದು ಯಾರೂ ಹೇಳುವುದಿಲ್ಲ. ಅಂಗಡಿಯಲ್ಲಿ ಹೆಚ್ಚು ಕೇಳುವ ಇಪ್ಪತ್ತರ ಫಿಲ್ಮ್ ಹಾಕಿದರೆ ಎಂಬತ್ತರ ಗಾಜಿನಲ್ಲಿ ಉಳಿಯುವುದು ಹದಿನಾರು. ಒಟ್ಟಿನಲ್ಲಿ, ಹೊರಗಿನವರಿಗೆ ಒಳಗೆ ಕೂತವರ ಮುಖ ಕಾಣದ ಕಾರು ಯಾವ ವರ್ಷದ ಯಾವ ವ್ಯಾಖ್ಯಾನದಲ್ಲೂ ಕಾನೂನಿಗೆ ಒಪ್ಪುವುದಿಲ್ಲ.

ರಾತ್ರಿ ಹೊತ್ತು ಈ ಹದಿನಾರು ಏನು ಮಾಡುತ್ತದೆಂದು ನಮ್ಮ ರಸ್ತೆಗಳಲ್ಲಿ ಓಡಾಡುವವರಿಗೆ ವಿವರಿಸಬೇಕಿಲ್ಲ. ಚುಂಚನಕಟ್ಟೆ ಕಡೆಯಿಂದ ಸಾಲಿಗ್ರಾಮಕ್ಕೆ ಬರುವ ದಾರಿಯಲ್ಲಿ ಬೀದಿದೀಪ ಊರ ಬಾಯಲ್ಲಿ ಮಾತ್ರ. ಕಬ್ಬು ತುಂಬಿದ ಟ್ರ್ಯಾಕ್ಟರಿಗೆ ಹಿಂದಿನ ಲೈಟ್ ಇರುವುದಿಲ್ಲ, ಎತ್ತಿನ ಗಾಡಿಗಂತೂ ಕೇಳಲೇಬೇಡಿ. ಅಡ್ಡರಸ್ತೆಯಿಂದ ಸೈಕಲ್ ತಳ್ಳಿಕೊಂಡು ಬರುವವನು ಮೊದಲು ಕಾಣಿಸಬೇಕಾದದ್ದು ಪಕ್ಕದ ಗಾಜಿನಲ್ಲಿ. ಹಿಮ್ಮುಖ ತೆಗೆಯುವಾಗ ಪಕ್ಕದ ಕನ್ನಡಿ ನೋಡುವುದೂ ಆ ಗಾಜಿನ ಮೂಲಕವೇ. ಹಗಲಿನ ಬಿಸಿಲಿಗೆ ಅಂಟಿಸಿದ ಹಾಳೆಯನ್ನು ರಾತ್ರಿ ತೆಗೆದಿಟ್ಟುಕೊಳ್ಳಲು ಬರುವುದಿಲ್ಲ.

ಗಾಜಿನ ತಯಾರಿಕೆಗೂ ಇದಕ್ಕೂ ಸಂಬಂಧವಿದೆ. ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಕಲ್ಲು ಬಡಿದರೆ ಬಿರುಕು ಬಿಡುತ್ತದೆಯೇ ಹೊರತು ಮುಖದ ಮೇಲೆ ಸಿಡಿಯುವುದಿಲ್ಲ. ಪಕ್ಕದ ಗಾಜುಗಳು ಹೆಚ್ಚಿನ ಕಾರುಗಳಲ್ಲಿ ಕಾಯಿಸಿ ಹದಮಾಡಿದ ಒಂಟಿ ಗಾಜು. ಒಡೆದರೆ ಮೊನೆಯಿಲ್ಲದ ಸಣ್ಣ ಹರಳುಗಳಾಗಿ ಉದುರುವಂತೆ ಬೇಕೆಂದೇ ಹಾಗೆ ಮಾಡುತ್ತಾರೆ, ಆಪತ್ತಿನಲ್ಲಿ ಒಡೆದು ಹೊರಬರಲು ದಾರಿಯಾಗಲಿ ಎಂದು. ಅದರ ಒಳಮೈಗೆ ಗಟ್ಟಿ ಫಿಲ್ಮ್ ಅಂಟಿಸಿದರೆ ಗಾಜು ಒಡೆದರೂ ಹರಳುಗಳು ಉದುರದೆ ಚಾಪೆಯಂತೆ ಹಿಡಿದುಕೊಳ್ಳಬಹುದು. ಕಳ್ಳನಿಗೆ ತಡೆ ಎಂದು ಫಿಲ್ಮ್ ಮಾರುವವರು ಹೊಗಳುವುದು ಇದೇ ಗುಣವನ್ನು. ಚಾಮರಾಜ ಎಡದಂಡೆ, ಬಲದಂಡೆ ನಾಲೆಗಳ ಏರಿಯ ಮೇಲೆ ಕಾರು ಓಡಿಸುವ ನಮಗೆ ಅದರ ಇನ್ನೊಂದು ಮಗ್ಗುಲೂ ತಿಳಿದಿರಬೇಕು.

ಚಾಲಕನಿಗೆ ಕಾಣಬೇಕು ಎಂಬುದಷ್ಟೇ ಕಾರಣವಾಗಿದ್ದರೆ ಹಿಂದಿನ ಸೀಟಿನ ಪಕ್ಕದ ಗಾಜು ಕಪ್ಪಾಗಿದ್ದರೆ ಏನು ನಷ್ಟ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬ್ರಿಟನ್ನಿನಲ್ಲಿ ಯೋಚನೆ ಹಾಗೇ ಇದೆ. ಅಲ್ಲಿ 1985ರ ಏಪ್ರಿಲ್ ನಂತರದ ಕಾರುಗಳಿಗೆ ಮುಂದಿನ ಗಾಜು ಶೇ 75, ಚಾಲಕನ ಅಕ್ಕಪಕ್ಕದ ಗಾಜು ಶೇ 70 ಬೆಳಕು ಬಿಡಬೇಕು. ಹಿಂದಿನ ಸೀಟಿನವರ ಗಾಜಿಗೆ ಮಿತಿಯೇ ಇಲ್ಲ. ಬಿಸಿಲಿಗೆ ಹೆಸರಾದ ದುಬೈಯಲ್ಲಿ ಮುಂದಿನ ಗಾಜು ಬಿಟ್ಟು ಉಳಿದವಕ್ಕೆ ಅರ್ಧದಷ್ಟು ಮಬ್ಬು ಮಾಡಿಸಿಕೊಳ್ಳಬಹುದು. ನಮ್ಮ ಕೋರ್ಟು ಮಾತ್ರ ಚಾಲಕನ ಕಣ್ಣಿನ ಜತೆಗೆ ಇನ್ನೊಂದು ಕಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು, ಅದು ರಸ್ತೆಯಲ್ಲಿ ನಿಂತವರ ಕಣ್ಣು. ಕಾರಿನೊಳಗೆ ಏನು ನಡೆಯುತ್ತಿದೆ ಎಂಬುದು ಹೊರಗಿನವರಿಗೆ ಕಾಣಬೇಕು. ಅಪಹರಣ, ಅತ್ಯಾಚಾರ, ದರೋಡೆಗೆ ಕಪ್ಪು ಗಾಜು ನೆರವಾಗಬಾರದು ಎಂಬುದು ತೀರ್ಪಿನ ತಿರುಳು. ತೀರ್ಪು ಬಂದ ಎಂಟು ತಿಂಗಳಿಗೆ, 2012ರ ಡಿಸೆಂಬರ್ 16ರ ರಾತ್ರಿ, ದೆಹಲಿಯ ರಸ್ತೆಗಳಲ್ಲಿ ಸುತ್ತುತ್ತಲೇ ಸಾಮೂಹಿಕ ಅತ್ಯಾಚಾರ ನಡೆದ ಆ ಬಸ್ಸಿಗೆ ಕಪ್ಪು ಗಾಜೂ ಇತ್ತು, ಪರದೆಯೂ ಇತ್ತು. ದೇಶದ ರಾಜಧಾನಿಯಲ್ಲೇ ಆದೇಶ ಎಷ್ಟರಮಟ್ಟಿಗೆ ಜಾರಿಯಾಗಿತ್ತು ಎಂಬುದು ಹೀಗೆ ಬಯಲಾಯಿತು.

ಇಂದು ಇದಕ್ಕೆ ಇನ್ನೊಂದು ಕಣ್ಣು ಸೇರಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳು ಸೀಟ್ ಬೆಲ್ಟ್ ಹಾಕದವರನ್ನೂ ಮೊಬೈಲ್ ಹಿಡಿದವರನ್ನೂ ಗಾಜಿನ ಮೂಲಕವೇ ಹಿಡಿಯಬೇಕು. ಗಾಜು ಕಪ್ಪಾದರೆ ಅವೂ ಕುರುಡು.

ಇನ್ನು ಬಿಸಿಲಿನ ವಾದ. ಏಪ್ರಿಲ್ ಮಧ್ಯಾಹ್ನ ಸಂತೆಮಾಳದಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಕೂರಿಸುವ ತಾಯಿಗೆ ಕಾನೂನು ಹೇಳಿ ಪ್ರಯೋಜನವಿಲ್ಲ. ಅವಳ ಕಷ್ಟ ನಿಜ. ಆದರೆ ಕಪ್ಪು ಬಣ್ಣ ಅವಳ ಕಷ್ಟಕ್ಕೆ ಮದ್ದಲ್ಲ. ನೆಲಕ್ಕೆ ಮುಟ್ಟುವ ಬಿಸಿಲಿನ ಶಾಖದಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದ್ದು. ಕಣ್ಣಿಗೆ ಕಾಣುವ ಬೆಳಕಿನ ಪಾಲು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಚರ್ಮ ಸುಡುವ ನೇರಳಾತೀತ ಕಿರಣಗಳದ್ದು ಬಹಳ ಸಣ್ಣ ಪಾಲು, ಅದರಲ್ಲೂ ಹೆಚ್ಚಿನದನ್ನು ಮುಂದಿನ ಗಾಜಿನ ನಡುವಿನ ಪ್ಲಾಸ್ಟಿಕ್ ಪದರವೇ ತಡೆಯುತ್ತದೆ. ಬಣ್ಣ ಹಾಕಿದ ಅಗ್ಗದ ಫಿಲ್ಮ್ ತಡೆಯುವುದು ಮುಖ್ಯವಾಗಿ ಕಾಣುವ ಬೆಳಕನ್ನು. ಅವಗೆಂಪು ಬಹುಪಾಲು ಒಳಗೆ ಬರುತ್ತದೆ. ಹೀರಿಕೊಂಡ ಶಾಖದಿಂದ ಫಿಲ್ಮೇ ಕಾದು ಗಾಜೂ ಬಿಸಿಯಾಗುತ್ತದೆ. ಒಳಗೆ ಕತ್ತಲಾದದ್ದನ್ನು ನಾವು ತಂಪಾಯಿತೆಂದು ಭಾವಿಸುತ್ತೇವೆ. ಅವಗೆಂಪನ್ನೇ ಗುರಿಯಾಗಿಸಿ ಮಾಡಿದ, ಹೆಚ್ಚು ಕಪ್ಪಾಗದ ದುಬಾರಿ ಫಿಲ್ಮುಗಳೂ ಇವೆ ಎನ್ನಿ. ಆದರೆ ಕಪ್ಪು ಕಾಣದ ವಸ್ತುವಿಗೆ ನಮ್ಮಲ್ಲಿ ಅಷ್ಟು ದುಡ್ಡು ಕೊಡುವವರು ಕಡಿಮೆ. ಬೇಸಿಗೆಯ ನೆಪ ತೆಗೆದರೆ ಉಳಿಯುವುದು ಗತ್ತು.

ಗತ್ತಿನ ಮಾತು ಬಂದಾಗ ಜಾರಿಯ ನಿಜವಾದ ಕಥೆ ಶುರುವಾಗುತ್ತದೆ. ವಿನಾಯಿತಿ ಯಾರಿಗೆ? ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಗಣ್ಯರು ಎಂಬ ಕಾರಣಕ್ಕೆ ಯಾರಿಗೂ ಇಲ್ಲ. ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವವರ ಮನವಿಯನ್ನು ಮಾತ್ರ ರಾಜ್ಯದ ಗೃಹ ಕಾರ್ಯದರ್ಶಿ, ಪೊಲೀಸ್ ಮಹಾನಿರ್ದೇಶಕರು ಅಥವಾ ಕಮಿಷನರ್ ಇರುವ ಸಮಿತಿ ಪರಿಶೀಲಿಸಬಹುದು. ಈಗ ನಮ್ಮ ಕಡೆಯ ಕಾರುಗಳನ್ನು ನೋಡಿ. ಕೆಎ–45 ಅಂದರೆ ಹುಣಸೂರಿನ ಸಾರಿಗೆ ಕಚೇರಿಯ ಸಂಖ್ಯೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಅವುಗಳಿಂದ ಒಡೆದು ಹೊಸದಾಗಿ ಆದ ಸಾಲಿಗ್ರಾಮ, ಸರಗೂರು ತಾಲ್ಲೂಕುಗಳ ಕಾರುಗಳೆಲ್ಲ ಇದೇ ಸಂಖ್ಯೆ ಹೊತ್ತು ಓಡುತ್ತವೆ. ಇವುಗಳಲ್ಲಿ ಝಡ್ ಪ್ಲಸ್ ಭದ್ರತೆಯವರ ಕಾರು ಎಷ್ಟಿರಬಹುದೆಂದು ಓದುಗರೇ ಊಹಿಸಲಿ. ಆದರೂ ಮದುವೆ ಛತ್ರದ ಮುಂದೆ, ಪಕ್ಷದ ಸಭೆಯ ದಿನ, ಸಾಲಾಗಿ ನಿಂತ ಬಿಳಿ ದೊಡ್ಡ ಕಾರುಗಳ ಗಾಜಿನಲ್ಲಿ ನಮ್ಮ ಮುಖ ನೋಡಿ ತಲೆ ಬಾಚಿಕೊಳ್ಳಬಹುದು. ಮುಂದಿನ ಗಾಜಿಗೆ ಯಾವುದೋ ಒಂದು ಪಾಸ್ ಅಂಟಿಸಿರುತ್ತಾರೆ, ಅವಧಿ ಮುಗಿದದ್ದಾದರೂ ಸರಿ. ‘ಯಾರ್ ಗಾಡಿ ಗೊತ್ತಾ?’ ಎಂಬ ಪ್ರಶ್ನೆಯ ಮುಂದೆ 100ನೇ ನಿಯಮ ತಲೆ ಬಗ್ಗಿಸುತ್ತದೆ. ಹಿಂದೆಯೇ ಬಂದ ಬಾಡಿಗೆ ಕಾರಿನ ಡ್ರೈವರಣ್ಣನಿಗೆ ಇಳಿಯಲು ಹೇಳುತ್ತಾರೆ.

ಈ ತಾರತಮ್ಯಕ್ಕೆ ಪೊಲೀಸರನ್ನೇ ಪೂರ್ತಿ ಹೊಣೆ ಮಾಡಿದರೆ ನನ್ನ ಕೆಲಸ ಸುಲಭವಾಗುತ್ತದೆ, ನ್ಯಾಯವಾಗುವುದಿಲ್ಲ. ಸರ್ಕಲ್ಲಿನಲ್ಲಿ ನಿಂತ ಎಎಸ್‌ಐ ಕೈಯಲ್ಲಿ ಇರುವುದೇನು? ಕಣ್ಣು ಮತ್ತು ಬಾಯಿ. ‘ನಿಮ್ಮ ಗಾಜು ಕಪ್ಪಾಗಿದೆ’ ಎಂದರೆ ‘ಕಂಪನಿಯಿಂದಲೇ ಹೀಗೆ ಬಂದಿದೆ’ ಎನ್ನುತ್ತಾರೆ. ಕೆಲವು ದೊಡ್ಡ ಕಾರುಗಳಿಗೆ ಹಿಂದಿನ ಗಾಜು ಸ್ವಲ್ಪ ಗಾಢವಾಗಿಯೇ ಬರುವುದೂ ನಿಜ. ಎದುರಿರುವವರು ದೊಡ್ಡವರಾದರೆ ಅವರ ಮಾತೇ ನಿಲ್ಲುತ್ತದೆ. ಅಂಕಿ ತೋರಿಸುವ ಯಂತ್ರವೊಂದಿದ್ದರೆ ಮಾತು ಬೇರೆಯಾಗುತ್ತಿತ್ತು. ಕುಡಿದವರ ಬಾಯಿಗೆ ಯಂತ್ರ ಹಿಡಿದ ಮೇಲೆ ಅಲ್ಲವೇ ‘ನಾನು ಕುಡಿದೇ ಇಲ್ಲ’ ಎಂಬ ವಾದ ನಿಂತದ್ದು?

ಕರ್ನಾಟಕದಲ್ಲಿ ಕಣ್ಣಿನ ಮಹತ್ವ ಇನ್ನೂ ಒಂದು ಕಾರಣಕ್ಕೆ ಹೆಚ್ಚಿದೆ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್, ಬರಿಗಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ದರೆ ಬರೇ ದಾಖಲೆ ಪರಿಶೀಲನೆಗೆ ವಾಹನ ತಡೆಯಬಾರದು ಎಂದು ಸೂಚಿಸಿದರು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಪೊಲೀಸರು ತಪಾಸಣೆಗೆ ಬೈಕ್ ತಡೆದಾಗ ಬಿದ್ದು ಪುಟ್ಟ ಹೆಣ್ಣುಮಗು ಪ್ರಾಣ ಕಳೆದುಕೊಂಡ ಮೇಲೆ ಅದೇ ಸೂಚನೆ ಇನ್ನಷ್ಟು ಬಿಗಿಯಾಗಿ ಬಂತು. ಎರಡೂ ಸರಿಯಾದ ಸೂಚನೆಗಳು. ಆದರೆ ಅದರ ಒಂದು ಫಲ ಏನೆಂದರೆ, ವಾಹನ ತಡೆಯಲು ಪೊಲೀಸರಿಗೆ ಉಳಿದ ಕೆಲವೇ ಕಾರಣಗಳಲ್ಲಿ ಕಪ್ಪು ಗಾಜು ಒಂದಾಯಿತು. ಅದು ನೂರು ಮೀಟರ್ ದೂರದಿಂದಲೇ ಕಾಣುತ್ತದೆ. ಗಾಜಿಗೆಂದು ನಿಲ್ಲಿಸಿದ ಕಾರಿನಲ್ಲಿ ವಿಮೆ, ಹೊಗೆ ತಪಾಸಣೆ, ಲೈಸೆನ್ಸ್ ಎಲ್ಲವೂ ಹೊರಬರುತ್ತವೆ. ಫಿಲ್ಮ್ ಹಾಕಿಸಿಕೊಂಡವರು ತಮ್ಮ ಕಾರಿಗೆ ತಾವೇ ‘ನಿಲ್ಲಿಸಿ’ ಎಂಬ ಫಲಕ ಕಟ್ಟಿಕೊಂಡಂತಾಯಿತು.

ದಂಡ ಈಗ ನೂರಲ್ಲ. 2019ರ ತಿದ್ದುಪಡಿಯ ನಂತರ 177ನೇ ಕಲಮಿನಡಿ ಮೊದಲ ಸಲಕ್ಕೆ 500, ಆಮೇಲಿನದಕ್ಕೆ 1,500 ರೂಪಾಯಿವರೆಗೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತ ಎಷ್ಟೆಂದು 200ನೇ ಕಲಮಿನಡಿ ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ. ಹೊಸ ದಂಡಗಳಿಗೆ ಜನ ಬೊಬ್ಬೆ ಹೊಡೆದಾಗ 2019ರ ಸೆಪ್ಟೆಂಬರ್‌ನಲ್ಲೇ ನಮ್ಮ ಸರ್ಕಾರ ಹಲವನ್ನು ಇಳಿಸಿತ್ತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿಯೂ ಸಿಕ್ಕಿತು. ಕಾಯುವವನಿಗೆ ಲಾಭ ಎಂಬ ಪಾಠವನ್ನು ಜನ ಬೇಗ ಕಲಿಯುತ್ತಾರೆ.

ಈಗ ಮೂರನೆಯ ಕಥೆ. ಕೇಂದ್ರ ಸರ್ಕಾರ 100ನೇ ನಿಯಮವನ್ನೇ ತಿದ್ದಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ರೂಪದಲ್ಲಿ ಸುರಕ್ಷಾ ಗಾಜಿನ ಜತೆಗೆ ‘ಸೇಫ್ಟಿ ಗ್ಲೇಜಿಂಗ್’ ಎಂಬುದೂ ಸೇರಿದೆ. 2019ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕದ ಪ್ರಕಾರ, ಒಳಮೈಗೆ ಪ್ಲಾಸ್ಟಿಕ್ ಪದರ ಕೂಡಿಸಿದ ಗಾಜೂ ಇದರಲ್ಲಿ ಬರುತ್ತದೆ. 70 ಮತ್ತು 50ರ ಮಿತಿ ಹಾಗೇ ಉಳಿಯಿತು. ಇದನ್ನು ಹಿಡಿದು ಫಿಲ್ಮ್ ತಯಾರಕರು, ವ್ಯಾಪಾರಿಗಳು ಮತ್ತು ದಂಡ ಹಾಕಿಸಿಕೊಂಡ ಕಾರಿನ ಮಾಲೀಕರು ಕೇರಳ ಹೈಕೋರ್ಟಿಗೆ ಹೋದರು. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಎನ್. ನಾಗರೇಶ್ ಅರ್ಜಿದಾರರ ಪಕ್ಷ ಎತ್ತಿಹಿಡಿದರು. ಸುಪ್ರೀಂ ಕೋರ್ಟಿನ 2012ರ ತೀರ್ಪು ಹಳೆಯ ನಿಯಮದ ಮೇಲೆ ಬಂದದ್ದು. ನಿಯಮ ಬದಲಾಗಿರುವಾಗ, ಮಿತಿಯೊಳಗಿರುವ ಫಿಲ್ಮ್ ಅಂಟಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ಇಂಥ ಪದರ ಕೂಡಿಸುವ ಹಕ್ಕು ಕಾರು ತಯಾರಕರಿಗಷ್ಟೇ ಇದೆ ಎಂಬ ವಾದವನ್ನೂ ಅವರು ಒಪ್ಪಲಿಲ್ಲ. ಗಾಜನ್ನು ಆ ಸ್ಥಿತಿಯಲ್ಲಿ ‘ಇಟ್ಟುಕೊಂಡಿರಬೇಕು’ ಎಂದು ನಿಯಮ ಹೇಳುವಾಗ ಮಾಲೀಕನೂ ಅದರಲ್ಲಿ ಸೇರುತ್ತಾನೆ.

ವಿಚಿತ್ರ ನೋಡಿ. ಇದೇ ಕೇರಳದ ಸಾರಿಗೆ ಇಲಾಖೆ 2021ರ ಜನವರಿಯಲ್ಲಿ ‘ಆಪರೇಷನ್ ಸ್ಕ್ರೀನ್’ ಎಂಬ ಹೆಸರಿನಲ್ಲಿ ಕಾರುಗಳ ಪರದೆ ಮತ್ತು ಫಿಲ್ಮ್ ಕಿತ್ತುಹಾಕಲು ಹೊರಟಿತ್ತು. ಮೂರೂವರೆ ವರ್ಷದಲ್ಲಿ ಗಾಳಿ ತಿರುಗಿತು.

ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ ಹಾದು ಬಾವಲಿ ದಾಟಿದರೆ ವಯನಾಡು. ಬಾವಲಿಯ ಆಚೆ, ಎಪ್ಪತ್ತು–ಐವತ್ತರ ಮಿತಿಯೊಳಗಿನ ತಿಳಿ ಫಿಲ್ಮಿಗೆ ಅಲ್ಲಿನ ಹೈಕೋರ್ಟಿನ ರಕ್ಷಣೆ ಇದೆ. ಈಚೆ ಆ ತೀರ್ಪು ಪೊಲೀಸರನ್ನು ಕಟ್ಟಿಹಾಕುವುದಿಲ್ಲ. ಒಂದು ರಾಜ್ಯದ ಹೈಕೋರ್ಟಿನ ಮಾತನ್ನು ಇನ್ನೊಂದು ರಾಜ್ಯದ ಕೋರ್ಟು ಗೌರವದಿಂದ ನೋಡಬಹುದು, ಒಪ್ಪಲೇಬೇಕೆಂದಿಲ್ಲ. ಇಲ್ಲಿನ ಪೊಲೀಸರ ಕೈಯಲ್ಲಿರುವುದು 2012ರ ಆದೇಶ ಮತ್ತು ಅದರ ಜತೆಗಿನ ನ್ಯಾಯಾಂಗ ನಿಂದನೆಯ ಎಚ್ಚರಿಕೆ. ನಿಯಮ ಮಾತ್ರ ಇಡೀ ದೇಶಕ್ಕೆ ಒಂದೇ. ಕೇಂದ್ರ ಸಾರಿಗೆ ಸಚಿವಾಲಯ ಒಂದು ಹಾಳೆಯ ಸ್ಪಷ್ಟನೆ ಕೊಟ್ಟರೆ, ಇಲ್ಲವೇ ಸುಪ್ರೀಂ ಕೋರ್ಟೇ ಹೊಸ ನಿಯಮದ ಮೇಲೆ ಮತ್ತೊಮ್ಮೆ ಮಾತಾಡಿದರೆ ಈ ಗೊಂದಲ ಬಗೆಹರಿಯುತ್ತದೆ.

ನನ್ನ ಮಟ್ಟಿಗೆ ಕೇರಳದ ತೀರ್ಪೇ ನಿಯಮದ ಇಂದಿನ ಮಾತಿಗೆ ಹತ್ತಿರ. ಆದರೆ ಅದನ್ನು ಒಪ್ಪಿದರೆ ಯಂತ್ರವಿಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾಗದು. ‘ಅಂಟಿಸಿದೆಯೇ ಇಲ್ಲವೇ’ ಎಂಬುದು ಉಗುರಿನಲ್ಲಿ ಮುಗಿಯುವ ಪರೀಕ್ಷೆ, ‘ಎಷ್ಟು ಬೆಳಕು’ ಎಂಬುದಲ್ಲ. ಹುಣಸೂರಿನ ಸಾರಿಗೆ ಕಚೇರಿಗೆ, ತಾಲ್ಲೂಕಿಗೊಂದರಂತೆ ಠಾಣೆಗೆ, ಬಾವಲಿ ಚೆಕ್‌ಪೋಸ್ಟಿಗೆ ಒಂದೊಂದು ಬೆಳಕು ಅಳೆಯುವ ಯಂತ್ರ ಕೊಡುವುದು ಸರ್ಕಾರಕ್ಕೆ ಭಾರವಾಗುವ ಖರ್ಚೇನಲ್ಲ. ಅಂಕಿಯನ್ನು ರಸೀದಿಯಲ್ಲೇ ಬರೆದುಕೊಡಲಿ. ಮೂವತ್ತೆಂಟು ಬಂದರೆ ಶಾಸಕರ ಬಾವಮೈದುನನ ಕಾರಾದರೂ ಮೂವತ್ತೆಂಟೇ.

ಅಲ್ಲಿಯವರೆಗೆ ಹಳೇ ಕಾರು ಕೊಳ್ಳುವವರು ಎಂಜಿನ್ ನೋಡುವ ಮುಂಚೆ ಗಾಜು ನೋಡುವುದು ಒಳ್ಳೆಯದು. ಮಾರಿದವರು ಹಾಕಿಸಿದ ಫಿಲ್ಮಿಗೂ ದಂಡ ಕಟ್ಟಬೇಕಾದವರು ಇಂದಿನ ಮಾಲೀಕರೇ. ಕಿಟಕಿ ಅರ್ಧ ಇಳಿಸಿ ಗಾಜಿನ ಮೇಲಂಚನ್ನು ಒಳಗಡೆಯಿಂದ ಸವರಿದರೆ ಹಾಳೆಯ ಅಂಚು ಕೈಗೆ ಸಿಗುತ್ತದೆ. ಸಿಗದೆ ಹೋದರೆ ಬಣ್ಣ ಗಾಜಿನದೇ. ಮೂಲೆಯಲ್ಲಿ ತಯಾರಕರ ಮುದ್ರೆ, ಐಎಸ್‌ಐ ಗುರುತು ಇದೆಯೇ ನೋಡಿ. ಒಡೆದುಹೋಗಿದ್ದಕ್ಕೆ ಯಾವುದೋ ಗಾಜು ಕೂರಿಸಿದ್ದರೆ ಗೊತ್ತಾಗುತ್ತದೆ. ಫಿಲ್ಮ್ ತೆಗೆಸುವುದಾದರೆ ಅಂಗಡಿಯಲ್ಲೇ ತೆಗೆಸಿ. ಬಿಸಿಗಾಳಿ ಹಿಡಿದು, ಸೋಪಿನ ನೀರು ಸಿಂಪಡಿಸಿ, ಮೇಲಿನ ಮೂಲೆಯಿಂದ ನಿಧಾನವಾಗಿ ಎಳೆದರೆ ಅಂಟು ಜತೆಯಲ್ಲೇ ಬರುತ್ತದೆ. ಹಿಂದಿನ ಗಾಜಿಗಂತೂ ಬ್ಲೇಡ್ ತಾಗಿಸಲು ಬಿಡಬೇಡಿ. ಮಂಜು ಕರಗಿಸಲು ಅದರ ಒಳಮೈಯಲ್ಲಿ ಅಡ್ಡಡ್ಡ ಎಳೆದಿರುವ ಸಣ್ಣ ಗೆರೆಗಳು ವಿದ್ಯುತ್ ಹರಿಯುವ ತಂತಿಗಳು. ಒಂದು ಕಡೆ ಕೊಯ್ದರೂ ಆ ಗೆರೆ ಮತ್ತೆ ಬಿಸಿಯಾಗುವುದಿಲ್ಲ. ಸರ್ಕಲ್ಲಿನಲ್ಲಿ ಕೆರೆಯುವವರಿಗೆ ಅದನ್ನು ನೋಡಿಕೊಂಡು ಕೆರೆಯುವಷ್ಟು ಪುರುಸೊತ್ತು ಇರುವುದಿಲ್ಲ.